ಇಪ್ಪತ್ತು ನಿಮಿಷದ ಧ್ಯಾನ, ಎಂಟು ಸ್ಕ್ರೂ

ನಮ್ಮ ಬೀದಿಯ ಗಡಿಯಾರ ರಿಪೇರಿಯವನಷ್ಟು ಪುಕ್ಕಲ ಈ ಭೂಮಂಡಲದಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ಕರೆತನ್ನಿ, ನನ್ನ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. ಅಂಗಡಿಯ ನಲವತ್ತು ಅಲಾರಾಂ ಗಡಿಯಾರಗಳಲ್ಲಿ ಒಂದು ಹೊಡೆದುಕೊಂಡರೂ ಸಾಕು, ಮೇಜಿನ ಕೆಳಗಿರುತ್ತಿದ್ದ. ತನ್ನ ಕೆಮ್ಮಿಗೆ ತಾನೇ ಬೆಚ್ಚಿ "ಯಾರದು?" ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಮರಗಳು ಎಲೆ ಉದುರಿಸಲು ಶುರುಮಾಡಿದ ಮೇಲಂತೂ ಅವನ ಪಾಡು ಕೇಳಬೇಡಿ. ಮನೆಯಲ್ಲಿ ವಿಚಿತ್ರಗಳು ನಡೆಯತೊಡಗಿದವು. ಇಟ್ಟ ಬ್ರೆಡ್ಡು ಅರ್ಧವಾಗುತ್ತಿತ್ತು. ಅವನು ಸ್ನಾನಕ್ಕಿಳಿಯುವ ಮೊದಲೇ ಟವೆಲ್ಲು ಒದ್ದೆ. ಪಟ್ಟೆಪಟ್ಟೆಯ ಉಣ್ಣೆ ಟೋಪಿ ಗೂಟದಿಂದಲೇ ಮಾಯ. ಪ್ರತಿಯೊಂದಕ್ಕೂ ಅವನು ಕಿಟಾರನೆ ಕಿರುಚುತ್ತಿದ್ದ. ಮೂರು ಬೀದಿಯಾಚೆ ಹಾಲು ಕಾಯಿಸುತ್ತಿದ್ದವರ ಕೈಯಿಂದ ಪಾತ್ರೆ ಜಾರುತ್ತಿತ್ತು.

ಹೆಂಡತಿ ದರ್ಜಿ ಅಂಗಡಿ ನಡೆಸುವ ಗಟ್ಟಿಗಿತ್ತಿ. ಒಂದು ದಿನ ಕತ್ತರಿ ಆಡಿಸಿದಂತೆ ಹೇಳಿಬಿಟ್ಟಳು: "ನೋಡಿ, ಇನ್ಮೇಲೆ ದಿನಾ ಬೆಳಗ್ಗೆ ಏಳಕ್ಕೆ ಇಪ್ಪತ್ತು ನಿಮಿಷ ಧ್ಯಾನ ಮಾಡಿ. ರಜೆ ದಿನ ಮನೆ ರಿಪೇರಿ ಮಾಡಿ, ಮನಸ್ಸು ಹಗುರಾಗುತ್ತೆ. ಒಂದು ವಾರ ಟೈಮು. ಅಷ್ಟರೊಳಗೆ ಒಂದೇ ಒಂದ್ಸಲ ಕಿರುಚಿದ್ರೂ, ನಿಮ್ಮ ಧೈರ್ಯಕ್ಕೆ ಅಂತ ನನ್ನ ತಮ್ಮನ್ನ ಕರೆಸಿ ಇಲ್ಲೇ ಇಟ್ಕೋತೀನಿ."

"ಬೇಡ ಕಣೇ! ಧ್ಯಾನ ಮಾಡ್ತೀನಿ, ತಲೆಕೆಳಗಾಗಿ ಬೇಕಾದ್ರೂ ಮಾಡ್ತೀನಿ!"

ಆ ಭಾವಮೈದುನ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುವವನು. ಹೊಟ್ಟೆ ಯಾವುದು, ಡೋಲು ಯಾವುದು ಎಂದು ಹೇಳುವುದು ಕಷ್ಟ. ಹಿಂದೊಮ್ಮೆ ಎರಡು ದಿನಕ್ಕೆಂದು ಬಂದು ಹನ್ನೊಂದು ತಿಂಗಳು ಉಳಿದಿದ್ದ. ಮನೆಯಲ್ಲಿದ್ದ ಒಂದೇ ಮಂಚವನ್ನು ತಾನು ಹಿಡಿದು ಭಾವನನ್ನು ಅಡುಗೆಮನೆಯ ನೆಲಕ್ಕೆ ಇಳಿಸಿದ್ದ. "ಈ ಮನೇಲಿ ಅವನಿರ್ಬೇಕು, ಇಲ್ಲಾ ನಾನಿರ್ಬೇಕು" ಎಂದು ಗಡಿಯಾರದವನು ಆಗ ಗುಡುಗಿದ್ದ. ಜನ್ಮದಲ್ಲಿ ಅವನು ತೋರಿಸಿದ ಧೈರ್ಯ ಅದೊಂದೇ.

ಹೀಗೆ ಧ್ಯಾನ ಶುರುವಾಯಿತು. ಅದಕ್ಕೆ ಹೆಂಡತಿಯ ಶ್ರದ್ಧೆ ಏನು ಹೇಳಲಿ! ಅವನನ್ನು ಗೋಡೆಗೆ ಮುಖ ಮಾಡಿ ಕೂರಿಸುವಳು. ಕಣ್ಣಿಗೆ ದಪ್ಪ ಬಟ್ಟೆ ಕಟ್ಟುವಳು. ಕಿವಿಗೆ ಹತ್ತಿ ತುರುಕುವಳು. "ನಾನೇ ಬಂದು ಎಬ್ಬಿಸೋವರೆಗೂ ಅಲ್ಲಾಡ್ಬೇಡಿ" ಎಂದು ಕೋಣೆಯ ಬಾಗಿಲೆಳೆದುಕೊಳ್ಳುವಳು. ಆರು ದಿನ ಅವನು ಒಂದು ಚೀರೂ ಚೀರಲಿಲ್ಲ. ಬೀದಿಯ ನಾಯಿಗಳೇ ಏನೋ ಕಳೆದುಕೊಂಡಂತೆ ಅಲೆಯುತ್ತಿದ್ದವು.

ಏಳನೆಯ ದಿನ ಅವನಿಗೆ ರಜೆ. ಧ್ಯಾನ ಮುಗಿಸಿ ಎಬ್ಬಿಸಿದ ಹೆಂಡತಿ ಅಂಗಡಿಗೆ ಹೊರಡುತ್ತಾ ಎಚ್ಚರಿಸಿದಳು: "ಸಂಜೆ ಐದಕ್ಕೆ ವಾರ ಮುಗಿಯುತ್ತೆ, ಜ್ಞಾಪಕ ಇರ್ಲಿ. ಅಂಗಳದ ಎಲೆ ಗುಡಿಸಿ, ಗೇಟಿಗೆ ಬಣ್ಣ ಹೊಡೀರಿ. ಒಳಗಡೆ ಏನೂ ಮುಟ್ಬೇಡಿ."

ಗೇಟಿನ ಬಣ್ಣ ಒಂಬತ್ತಕ್ಕೇ ಮುಗಿಯಿತು. ಕೆಲಸದ ರುಚಿ ಹತ್ತಿಬಿಟ್ಟಿತ್ತು. ನಡುಮನೆಗೆ ಬಂದು ಹಳೇ ಕುರ್ಚಿಗೆ ವಾರ್ನಿಷ್ ಬಳಿದ. ಬಳಿಯುವಾಗ ಕುತ್ತಿಗೆಗೆ ತಣ್ಣನೆ ಗಾಳಿ ಸೋಕಿತು. ತಲೆಯೆತ್ತಿದರೆ ಅಟ್ಟದ ಹಲಗೆಬಾಗಿಲು, ಕೆಳಕ್ಕೆ ತೆರೆದುಕೊಳ್ಳುವಂಥದ್ದು. ಸುತ್ತ ಬೆರಳಗಲದ ಸಂದಿ. ಏಣಿ ಅಲ್ಲೇ ಇತ್ತು. ಹತ್ತಿ, ಸಂದಿಗೆ ಚಿಂದಿ ತುರುಕಿ, ಅಡ್ಡಪಟ್ಟಿ ಇಟ್ಟು ಎಂಟು ಸ್ಕ್ರೂ ಬಿಗಿದ. ಕೈಗಡಿಯಾರದೊಳಗೆ ಸಾಸಿವೆ ಗಾತ್ರದ ಸ್ಕ್ರೂ ಕೂರಿಸುವ ಕೈ ಅದು; ಆನೆ ಬಂದು ಎಳೆದರೂ ಜಗ್ಗದು. ಗಾಳಿ ನಿಂತಿತು. ಅವನು ಸಿಳ್ಳೆ ಹಾಕಿದ. ಬದುಕಿನಲ್ಲೇ ಮೊದಲ ಸಿಳ್ಳೆ.

ಹನ್ನೊಂದಕ್ಕೆ ತಲೆಯ ಮೇಲೆ ಶಬ್ದವಾಯಿತು. ಡಬ್. ಡಬ್. ಡಬ್.

ಅವನ ಕಿರುಚು ಗಂಟಲಿನವರೆಗೆ ಬಂತು. ಹಿಂದೆಯೇ ಡೋಲಿನ ನೆನಪೂ ಬಂತು. ತಟಕ್ಕನೆ ಚಕ್ಕಂಬಕ್ಕಲ ಹಾಕಿ ಕೂತು ಉಸಿರೆಳೆದ. ಮೇಲಿನಿಂದಲೂ ಯಾರೋ ಉಸಿರೆಳೆದರು. ಇವನು ಬಿಟ್ಟ. ಮೇಲಿನದು ಬಿಡುತ್ತಾ ನರಳಿತು.

ಹೊರಗೋಡಿದ. ಪೊರಕೆ ಹಿಡಿದು ಎಲೆ ಗುಡಿಸಿದ. ಪೊರಕೆಯ ರಭಸ ಕಂಡೇ ಎಲೆಗಳು ತಾವಾಗಿಯೇ ಗುಡ್ಡೆಯಾದವು. ಬೇಡವೆಂದರೂ ಕತ್ತು ಮೇಲಕ್ಕೆ ತಿರುಗಿತು. ಅಟ್ಟದ ಅಂಗೈಯಗಲದ ಗಾಳಿಕಿಂಡಿಯಲ್ಲಿ ಒಂದು ಕಣ್ಣು! ಅದು ಅವನನ್ನೇ ನೋಡಿ ಪಿಳಿಪಿಳಿ ಅಂದಿತು. ಇನ್ನೇನು ಕಿರುಚಬೇಕು, ಕೈಗೆ ಸಿಕ್ಕ ಒಣಗಿದೆಲೆಗಳನ್ನು ಹಿಡಿಗಟ್ಟಲೆ ಬಾಯಿಗೆ ತುರುಕಿಕೊಂಡ.

ಇದನ್ನು ಪಕ್ಕದ ಮನೆಯ ರೇಡಿಯೋ ದೊಡ್ಡಮ್ಮ ಬೇಲಿಯಾಚೆಯಿಂದ ಕಂಡಳು. ಅವಳ ಬಾಯಿಗೆ ಬಿದ್ದ ಸುದ್ದಿಗೆ ತಂತಿ ಬೇಡ, ಕರೆಂಟೂ ಬೇಡ.

"ಅಯ್ಯಯ್ಯೋ, ಬನ್ರೋ! ಗಡಿಯಾರದವನು ಎಲೆ ಮೇಯ್ತಿದ್ದಾನೆ!"

ಎದುರುಮನೆಯ ಫೈರ್ ಮಾಮ ಹೆಲ್ಮೆಟ್ ಹಾಕಿಕೊಂಡೇ ಬಂದ. ಅಗ್ನಿಶಾಮಕ ಕೆಲಸದಿಂದ ನಿವೃತ್ತನಾಗಿ ಒಂಬತ್ತು ವರ್ಷವಾದರೂ ಹೆಲ್ಮೆಟ್ ನಿವೃತ್ತವಾಗಿರಲಿಲ್ಲ. ಅವನ ಹಿಂದೆ ಬೀದಿಗೆ ಬೀದಿಯೇ ಬಂತು. ಲೆಕ್ಕ ಹಾಕಿದ್ದರೆ ಸಾವಿರಕ್ಕೆ ಒಂದೂ ಕಮ್ಮಿ ಇರಲಿಲ್ಲ.

"ಉಗಿಯೋ ಮೊದ್ಲು. ಏನಾಯ್ತಯ್ಯಾ?"

"ಮಾಮ, ಮೆಲ್ಲಗೆ... ಅಟ್ಟದಲ್ಲಿ... ಕಣ್ಣು."

"ಒಂದಾ, ಎರಡಾ?" ಎಂದಳು ದೊಡ್ಡಮ್ಮ.

"ಒಂದೇ ದೊಡ್ಡಮ್ಮ."

"ಹಾಗಾದ್ರೆ ಇನ್ನೂ ಕೆಟ್ಟದ್ದು."

ಎಲ್ಲರೂ ನಡುಮನೆಗೆ ನುಗ್ಗಿದರು. ಡಬ್ ಡಬ್ ಡಬ್! ನುಗ್ಗಿದ ವೇಗದಲ್ಲೇ ಅರ್ಧ ಜನ ಹೊರಗೆ ಹರಿದರು. ಊಟದ ಹೊತ್ತು ದಾಟಿತು, ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು; ಏಣಿ ಹತ್ತುವವರು ಯಾರೆಂಬುದೇ ತೀರ್ಮಾನವಾಗಲಿಲ್ಲ. ಮಾಮನ ಮಂಡಿನೋವು ಸರಿಯಾಗಿ ಆಗಲೇ ಎದ್ದಿತು.

"ಸ್ಕ್ರೂ ಹಾಕಿದೋನು ನೀನು, ಬಿಚ್ಚೋನೂ ನೀನೇ," ಎಂದು ಅವನು ಗಡಿಯಾರದವನ ಬೆನ್ನು ನೂಕಿದ. "ಧೈರ್ಯವಾಗಿರು. ನಾವೆಲ್ಲ ಬಾಗಿಲ ಹತ್ರಾನೇ ಇರ್ತೀವಿ."

"ಯಾರೂ ಕೂಗ್ಬೇಡಿ ಮಾಮ. ನಾನೂ ಕೂಗಲ್ಲ. ಐದು ಗಂಟೆ ದಾಟಿದ್ರೆ ಬಚಾವಾದೆ."

ಒಂದೊಂದೇ ಸ್ಕ್ರೂ ಬಿಚ್ಚಿದ. ಬೆವರು ಏಣಿಯ ಮೆಟ್ಟಿಲಿನಿಂದ ಮೆಟ್ಟಿಲಿಗೆ ತೊಟ್ಟಿಕ್ಕುತ್ತಿತ್ತು. ಏಳನೆಯದು ಬಂತು. ಎಂಟನೆಯದಕ್ಕೆ ಕೈ ಹಾಕುವಷ್ಟರಲ್ಲಿ ಹಲಗೆ ಕಿರ್ರ್ ಎಂದಿತು, ಸ್ಕ್ರೂ ತಾನೇ ಕಿತ್ತು ಬಂತು, ಬಾಗಿಲು ದಢಾರನೆ ಕೆಳಕ್ಕೆ ತೂಗಿತು. ಅದರೊಂದಿಗೆ ಅವನ ಪಕ್ಕದಲ್ಲೇ ಏನೋ ಬೆಟ್ಟದಂಥದ್ದು ಹಾದುಹೋಗಿ ವಾರ್ನಿಷ್ ಕುರ್ಚಿಯ ಮೇಲೆ ಕೂತಿತು. ಕುರ್ಚಿ ಕುರ್ಚಿಯಾಗಿ ಉಳಿಯಲಿಲ್ಲ.

ಧೂಳು ಕರಗಿತು. ಮೊದಲು ಕಂಡದ್ದು ಪಟ್ಟೆಪಟ್ಟೆಯ ಉಣ್ಣೆ ಟೋಪಿ. ಅದರ ಕೆಳಗೆ ಭಾವಮೈದುನನ ಮುಖ.

ಏಣಿಯ ಮೇಲೆ ಗಡಿಯಾರದವನು ಇಡೀ ವಾರದ ಕಿರುಚನ್ನು ಒಟ್ಟಿಗೆ ಕಿರುಚಿದ. ಆಗ ಗಂಟೆ ಐದಾಗಲು ಐದು ನಿಮಿಷ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ," ಎಂದು ಬೆಟ್ಟ ನರಳಿತು, "ಹತ್ತು ದಿನ ಅಟ್ಟದಲ್ಲಿ ತೆಪ್ಪಗೆ ಬಿದ್ದಿದ್ದೆ. ಮೊದಮೊದಲು ಕದ್ದು ಇಳಿದ್ರೆ ಭಾವ ಸುಳಿವು ಹಿಡಿದು ಕಿರುಚ್ತಿದ್ರು. ಬರೀ ಇಪ್ಪತ್ತು ನಿಮಿಷದಲ್ಲಿ ಸ್ನಾನ, ತಿಂಡಿ ಎಲ್ಲ ಹೆಂಗೆ ಮುಗಿಸ್ಲಿ, ಭಾವಂಗೆ ಅರ್ಧ ಗಂಟೆ ಧ್ಯಾನ ಹೇಳು ಅಂದ್ರೆ ನೀನು ಕೇಳ್ಳಿಲ್ಲ. ಈಗ ನೋಡು, ನಿದ್ದೆ ಹೋಗಿದ್ದಾಗ ನನ್ನನ್ನ ಡಬ್ಬಿಗೆ ಹಾಕಿ ಸ್ಕ್ರೂ ಹೊಡೆದ್ಬಿಟ್ರು! ಕೂಗಿದ್ರೆ ಗುಟ್ಟು ರಟ್ಟಾಗುತ್ತೆ ಅಂತ ಬರೀ ಹಲಗೆ ಬಡೀತಿದ್ದೆ!"

ಗಡಿಯಾರದವನು ಹೆಂಡತಿಯನ್ನು ನೋಡಿದ. ಅವಳು ಸೀರೆಯ ಸೆರಗಿನಲ್ಲಿ ಇಲ್ಲದ ದಾರವೊಂದನ್ನು ಹುಡುಕುತ್ತಿದ್ದಳು.

"ಇವನ ರೂಮಿನ ಓನರ್ರು ಹೊರಗೆ ಹಾಕಿದ್ರು. ನಿಮ್ಮನ್ನ ಕೇಳಿದ್ರೆ ಬೇಡ ಅಂತಿದ್ರಿ," ಎಂದಳು. "ಅದಿರ್ಲಿ, ನೀವೀಗ ಕಿರುಚಿದ್ರಿ ತಾನೇ?"

ಮೂಳೆ ಡಾಕ್ಟರು ಬಂದು ನೋಡಿ, ಭಾವಮೈದುನನಿಗೆ ಆರು ವಾರ ಮಂಚವೇ ಗತಿ, ಏಣಿಯ ಹೆಸರೆತ್ತಬಾರದು ಎಂದರು. ಒಂದೇ ಮಂಚವಾದ್ದರಿಂದ ಅದು ಅವನದಾಯಿತು. ಅಷ್ಟಕ್ಕೇ ಮುಗಿದಿದ್ದರೆ ಅಡುಗೆಮನೆಯ ನೆಲವಾದರೂ ದಕ್ಕುತ್ತಿತ್ತು. ಆದರೆ ಕತ್ತಲಲ್ಲಿ ಬಂದಿಯಾಗಿದ್ದ ಆ ಹೊತ್ತುಗಳು ಡೋಲಿನವನ ಎದೆಯಲ್ಲಿ ಕೂತುಬಿಟ್ಟಿದ್ದವು. ಭಾವನ ನೆರಳು ಕಂಡರೂ "ಸ್ಕ್ರೂ! ಸ್ಕ್ರೂ!" ಎಂದು ಕಿರುಚತೊಡಗಿದ. ಅವನ ಕಿರುಚಿನ ಮುಂದೆ ಗಡಿಯಾರದವನದು ಸೊಳ್ಳೆಯ ಸಂಗೀತ. ಐದನೆಯ ಬೀದಿಯಲ್ಲೂ ಹಾಲು ಚೆಲ್ಲಿತು.

"ಪಾಪ, ತುಂಬಾ ಹೆದರಿದ್ದಾನೆ," ಎಂದಳು ಹೆಂಡತಿ. "ಸ್ವಲ್ಪ ದಿನ ನೀವು ಕಣ್ಣಿಗೆ ಬೀಳ್ಬೇಡಿ."

ಈಗ ಗಡಿಯಾರದವನ ಮೇಜು, ಹಾಸಿಗೆ, ಭೂತಗನ್ನಡಿ ಎಲ್ಲ ಅಟ್ಟದಲ್ಲಿವೆ. ಕೆಳಗೆ ಬೆಳಗ್ಗೆ ಏಳು ಹೊಡೆಯುತ್ತಲೂ ಮಂಚದ ಮೇಲೆ ಡೋಲಿನವನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು ಧ್ಯಾನಕ್ಕೆ ತೊಡಗುತ್ತಾನೆ. ಆಗ ಹಲಗೆಬಾಗಿಲು ಮೆಲ್ಲಗೆ ತೆರೆದು, ಏಣಿಯ ಮೇಲೆ ಒಂದು ಬರಿಗಾಲು ಇಳಿಯುತ್ತದೆ.

"ಬೇಗ ಬೇಗ," ಎಂದು ಹೆಂಡತಿ ಪಿಸುಗುಟ್ಟುತ್ತಾಳೆ. "ಬ್ರೆಡ್ಡು ಜಾಸ್ತಿ ತಗೋಬೇಡಿ. ಟವೆಲ್ಲಂತೂ ಒದ್ದೆ ಮಾಡ್ಲೇಬೇಡಿ, ಆಮೇಲೆ ಅವನು ಹೆದರ್ಕೋತಾನೆ."