ಕಾಲುವೆಗೆ ಬಿದ್ದ ಯುವರಾಜ

ಅಂಗಿ ಹೊಲಿಯುವ ಆ ಉದ್ದನೆಯ ಕೋಣೆಯಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತ ಕೆಲಸ ಮಾಡುವುದು ರೂಢಿ. ಓದುವವಳು ಗುಂಡಿ ಹಚ್ಚುವ ಗುಂಡಿಯಕ್ಕ. ಮೆಚ್ಚಿನ ಲೇಖಕಿಯ ಐತಿಹಾಸಿಕ ಪ್ರೇಮಕಾದಂಬರಿ ಬರಲಿದೆಯೆಂದು ಅವಳು ತಿಂಗಳುಗಟ್ಟಲೆ ಎಲ್ಲರ ತಲೆ ತಿಂದಿದ್ದಳು. ಗಂಡ ತೀರಿಕೊಂಡಾಗ ಅವಳನ್ನು ಎಬ್ಬಿಸಿ ಕೂರಿಸಿದ್ದೇ ಆ ಲೇಖಕಿಯ ಪುಸ್ತಕಗಳು. ಆ ಋಣ ಅವಳು ಮರೆತವಳಲ್ಲ.

ಆದರೆ ಆ ದಿನ ಬೆಳಿಗ್ಗೆ ಹೊಸ ಪುಸ್ತಕದ ಮೊದಲ ಭಾಗ ಬಿಚ್ಚಿ ಎಷ್ಟು ಓದಿದರೂ ಯುವರಾಜ ಕಾಲುವೆ ಅಳೆಯುತ್ತಲೇ ಇದ್ದ. ಒಂದೆಡೆ ಅಳತೆ ತಪ್ಪಿತೆಂದು ಮತ್ತೆ ಮೊದಲಿನಿಂದ ಶುರುಮಾಡಿದ. ನಾಯಕಿಯ ಸುಳಿವೇ ಇಲ್ಲ.

"ಇವನು ಪ್ರೀತಿ ಮಾಡೋಕೆ ಬಂದಿದ್ದಾನೋ, ಕೂಲಿಗೆ ಬಂದಿದ್ದಾನೋ?" ಅಂದ ಇಸ್ತ್ರಿ ಮಾಡುವವ. ಕೋಣೆಗೆಲ್ಲ ಆತ ಮಾವ. "ಸಾಕಮ್ಮ, ರೇಡಿಯೋ ಹಾಕೋಣ."

ಗುಂಡಿಯಕ್ಕ ಗಬಕ್ಕನೆ ಪುಟ ತಿರುವಿದಳು. ಲೇಖಕಿಯ ಮಾನ ಎಲ್ಲರೆದುರು ಹೋಗುವುದರಲ್ಲಿತ್ತು. "ತಾಳಿ ಮಾವ, ಈಗ ಬರ್ತಾಳೆ!" ಎಂದವಳೇ ಪುಸ್ತಕದಲ್ಲಿಲ್ಲದ ಅಂಬಿಗನ ಮಗಳೊಬ್ಬಳನ್ನು ಕರೆತಂದು, ಯುವರಾಜನ ಅಳತೆಹಗ್ಗಕ್ಕೆ ಎಡವಿಸಿದಳು. ಸೂಜಿಗಳೆಲ್ಲ ನಿಂತವು.

ಆಮೇಲೆ ಬಾಯಿ ಹಿಡಿತಕ್ಕೆ ಸಿಗಲಿಲ್ಲ. ನಡುವೆ ಪುಸ್ತಕಕ್ಕೆ ಮರಳೋಣವೆಂದು ಇಣುಕಿದರೆ ಆಸಾಮಿ ಇನ್ನೂ ಕಾಲುವೆಯ ತೂಬಿನ ಬಳಿಯೇ! ಸಿಟ್ಟು ನೆತ್ತಿಗೇರಿ ಅವನನ್ನು ಅದೇ ಕಾಲುವೆಗೆ ತಳ್ಳಿ ಮುಳುಗಿಸಿಬಿಟ್ಟಳು.

ಕೋಣೆ ಗೊಳೋ ಎಂದಿತು. ಮಾವ ಇಸ್ತ್ರಿಪೆಟ್ಟಿಗೆಯನ್ನು ಕಾಲರಿನ ಮೇಲೇ ಮರೆತು ಹೊಗೆ ಎಬ್ಬಿಸಿದ. ಬಟ್ಟೆ ಕತ್ತರಿಸುವ ದೊಡ್ಡಮ್ಮ ಮಾತ್ರ ಕಣ್ಣೊರೆಸಿಕೊಳ್ಳುತ್ತ ಯಾಕೋ ನಗುತ್ತಿದ್ದಳು.

"ಅವನನ್ನ ಬದುಕಿಸು! ಇಲ್ಲಾಂದ್ರೆ ಇನ್ನೊಂದು ಅಂಗಿ ಮುಟ್ಟಲ್ಲ!" ಎಂದ ಮಾವ.

"ಪುಸ್ತಕದಲ್ಲಿರೋದನ್ನ ನಾನು ಹೇಗೆ ಬದಲಾಯಿಸ್ಲಿ ಮಾವ?"

"ಹಾಗಾದ್ರೆ ಕೊಡಿಲ್ಲಿ, ಸತ್ತಿದ್ದನ್ನ ಕಣ್ಣಾರೆ ನೋಡ್ತೀನಿ."

ಗುಂಡಿಯಕ್ಕ ಪುಸ್ತಕದ ಮೇಲೆ ಕೂತೇಬಿಟ್ಟಳು. ಊಟಕ್ಕೂ ಏಳಲಿಲ್ಲ. ಮಧ್ಯಾಹ್ನವೆಲ್ಲ ಅದರ ಮೇಲೆ ಕೂತುಕೊಂಡೇ ಯುವರಾಜನನ್ನು ದಡಕ್ಕೆಳೆದು 'ಓದಿದಳು'. ಕೈಯಲ್ಲಿ ಪುಸ್ತಕವಿಲ್ಲದೆ ಓದುವುದು ಹೇಗೆಂದು ಯಾರೂ ಕೇಳಲಿಲ್ಲ.

ಸಂಜೆ ಗಂಟೆ ಬಾರಿಸಿದಾಗ ದೊಡ್ಡಮ್ಮ ತನ್ನ ಚೀಲದಿಂದ ಅದೇ ಪುಸ್ತಕದ ಇನ್ನೊಂದು ಪ್ರತಿ ತೆಗೆದಳು. "ಹೋದ ವಾರವೇ ಓದೋಕೆ ಕೂತಿದ್ದೆ ಕಣೆ, ನಿದ್ದೆ ಬಂತು. ನೀನು ಓದಿದ್ದು ಇದರಲ್ಲಿಲ್ಲ ಅಂತ ಊಟದ ಹೊತ್ತಲ್ಲಿ ಎಲ್ಲರಿಗೂ ಹೇಳಿದೆ."

ನಾಚಿಕೆಯಿಂದ ಕುಗ್ಗಬೇಕಾದ ಗುಂಡಿಯಕ್ಕನ ಕಣ್ಣು ತುಂಬಿತು. ಗೊತ್ತಿದ್ದೂ ಅವಳ ಲೇಖಕಿಯ ಮಾನ ಉಳಿಸಿದ್ದರಲ್ಲ ಈ ಜನ! "ನಿಮ್ಮ ಉಪಕಾರ ಮರೆಯಲ್ಲ" ಎಂದಳು. ಇನ್ನು ಸುಳ್ಳು ಹೆಣೆಯಬೇಕಿಲ್ಲ, ನಾಳೆಯಿಂದ ಗುಂಡಿ ಹಚ್ಚಿಕೊಂಡು ನೆಮ್ಮದಿಯಾಗಿರಬಹುದು.

"ಉಪಕಾರ ನಿಂದಮ್ಮ. ಇಷ್ಟು ಚೆನ್ನಾಗಿ ಅತ್ತು ಯಾವ ಕಾಲವಾಯ್ತು!" ಎಂದು ಮಾವ ಒಂದು ಕಟ್ಟು ನೀಡಿದ. "ಊಟದ ಹೊತ್ತಲ್ಲೇ ಎಲ್ಲಾ ಸೇರಿ ತಂದಿದ್ದು. ನಾಳೆ ಅವರಿಬ್ಬರ ಮದುವೆ ಆಗ್ಬೇಕು ನೋಡು."

ಬಿಚ್ಚಿದರೆ, ಅದೇ ಕಾದಂಬರಿಯ ಇನ್ನೂ ಮೂರು ಭಾಗಗಳು. ಗುಂಡಿಯಕ್ಕ ಕೈಮುಗಿದು, ಆಸೆಯಿಂದ ಎರಡನೆಯ ಭಾಗ ತೆರೆದಳು.

ಯುವರಾಜ ಅಳತೆಹಗ್ಗ ಹಿಡಿದು ಇನ್ನೊಂದು ಕಾಲುವೆಯ ದಡದಲ್ಲಿ ನಿಂತಿದ್ದ.