ಸೊನ್ನೆ ಬರೆದ ಅಧ್ಯಾಯ

ಬೆರಳಚ್ಚು ಮಾಡುವಾಕೆಗೆ ಆ ದಿನವೇ ಹಲ್ಲುನೋವು ಬರಬೇಕಿತ್ತೆ? ಬಂತು. ಬರದೇ ಹೋಗಿದ್ದರೆ ಸೊನ್ನೆ ಎಂದಿನಂತೆ ಹನ್ನೊಂದಕ್ಕೆ ಟೀ ಕುಡಿದು, ನಾಲ್ಕಾರು ಒತ್ತಕ್ಷರಗಳನ್ನು ನೆಟ್ಟಗೆ ಮಾಡಿ, ಐದೂವರೆಗೆ ಮನೆ ಸೇರಿ ತನ್ನ ಪಾಡಿಗೆ ತಾನು ಇರುತ್ತಿದ್ದ.

ಸಂಪಾದಕರು ಅವನ ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ರೆಕಾರ್ಡರ್ ಇಟ್ಟರು.

"ನೋಡ್ರೀ ಸೊನ್ನೆ, ನಮ್ಮ ವಿಶೇಷಾಂಕದ ಜೀವ ಇದರೊಳಗಿದೆ. ಕಾದಂಬರಿಕಾರರೂ ಕವಿಗಳೂ ಇಬ್ಬರೇ ಕೂತು ಒಂದೂವರೆ ಗಂಟೆ ಮನಸ್ಸು ಬಿಚ್ಚಿ ಮಾತಾಡಿದ್ದಾರೆ. ಸಾಹಿತ್ಯ, ಸಿನಿಮಾ, ರಾಜಕೀಯ, ಕೊನೆಗೆ ತಪ್ಪೊಪ್ಪಿಗೆ. ಆರು ಪುಟ. ಕೇಳಿ ಬರೆದುಕೊಡಿ. ಐದಕ್ಕೆ ಮುದ್ರಣಕ್ಕೆ ಹೋಗ್ಬೇಕು."

"ನಾನು ಕರಡು ತಿದ್ದೋನು ಸರ್, ಕೇಳಿ ಬರೆಯೋನಲ್ಲ."

"ಕಣ್ಣಲ್ಲಿ ಮಾಡೋ ಕೆಲಸಾನ ಇವತ್ತು ಕಿವೀಲಿ ಮಾಡಿ, ಅಷ್ಟೇ."

ಸೊನ್ನೆ ಎನ್ನುವುದು ಅವನ ಹೆಸರಲ್ಲ. ಇಪ್ಪತ್ತು ವರ್ಷದ ಹಿಂದೆ ಇದೇ ಕಾದಂಬರಿಕಾರರ 'ಆಯ್ದ ಕತೆಗಳು' ಇದೇ ಪತ್ರಿಕೆಯ ಮುದ್ರಣಾಲಯದಲ್ಲಿ ಅಚ್ಚಾಗುತ್ತಿತ್ತು. ಮುಖಪುಟದಲ್ಲಿ ಎಲ್ಲಿಂದಲೋ ಒಂದು ಸೊನ್ನೆ ಬಂದು ಕೂತು ಅದು 'ಆಯ್ದ ಕಂತೆಗಳು' ಆಗಿಬಿಟ್ಟಿತ್ತು. ಅವನು "ಸೊನ್ನೆ! ಸೊನ್ನೆ!" ಎಂದು ಕೂಗುತ್ತಾ ಓಡಿಹೋಗಿ ಯಂತ್ರ ನಿಲ್ಲಿಸಿದ. ಕಾದಂಬರಿಕಾರರು ಅವನ ಬೆನ್ನು ತಟ್ಟಿ, "ಬಾರಯ್ಯಾ ಸೊನ್ನೆ" ಎಂದು ಕರೆದರು. ಅಂದಿನಿಂದ ಎಲ್ಲರಿಗೂ ಅವನು ಸೊನ್ನೆಯೇ. ಸಂಬಳದ ಪಟ್ಟಿ ಬಿಟ್ಟರೆ ನಿಜವಾದ ಹೆಸರು ಎಲ್ಲೂ ಉಳಿಯಲಿಲ್ಲ.

ಸೊನ್ನೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬರೆಯತೊಡಗಿದ. ದೊಡ್ಡವರಿಬ್ಬರೂ ಬಾಗಿಲು ಹಾಕಿಕೊಂಡ ಮೇಲೆ ಬಿಗಿ ಬೂಟು ಕಳಚಿದವರ ಹಾಗೆ ಮಾತಾಡಿದ್ದರು.

"ಈಗ ಬರೀತಿರೋರ ಪದ್ಯ ಓದಿದ್ರೆ ಔಷಧಿ ಬಾಟ್ಲಿ ಮೇಲಿನ ಸೂಚನೆ ಓದಿದ ಹಾಗಾಗುತ್ತೆ" ಎಂದರು ಕವಿಗಳು.

"ಸೂಚನೆ ಓದಿದ್ರೆ ಕಾಯಿಲೆಯಾದ್ರೂ ವಾಸಿಯಾಗುತ್ತೆ ಕಣಯ್ಯ" ಎಂದರು ಕಾದಂಬರಿಕಾರರು.

ಸಿನಿಮಾ ಬಂತು. ಕವಿಗಳು ಗೋಳಾಡಿದರು. "ನಾನು ಹಾಡು ಬರೆದಿದ್ದು ಸಾವಿನ ಮೇಲೆ. ಆ ನಿರ್ಮಾಪಕ ಅದನ್ನ ನಾಯಕಿ ಸ್ನಾನ ಮಾಡೋ ದೃಶ್ಯಕ್ಕೆ ಹಾಕ್ದ!"

ರಾಜಕೀಯ ಬಂತು. ಕಾದಂಬರಿಕಾರರು ಗುಡುಗಿದರು. "ನನ್ನ ಐನೂರು ಪುಟದ ಕಾದಂಬರೀನ ಬಿಡುಗಡೆ ಮಾಡಿ ಮಂತ್ರಿ 'ಈ ಮುದ್ದಾದ ಕವನ ಸಂಕಲನ' ಅಂದ. ಅವನಿಗೆ ಓದೋಕೆ ಬರಲ್ಲ. ಕತ್ತರಿ ಹಿಡಿಯೋಕೆ ಮಾತ್ರ ಬರುತ್ತೆ. ರಿಬ್ಬನ್ ಆದ್ರೂ ಸರಿ, ಪುಸ್ತಕ ಆದ್ರೂ ಸರಿ."

ಆಮೇಲೆ ತಪ್ಪೊಪ್ಪಿಗೆ. ಕವಿಗಳು ಮೊದಲು ಶುರುಮಾಡಿದರು. "ನನ್ನ ಮೊದಲ ಸಂಕಲನಕ್ಕೆ ಬಂದ ಮೂರೂ ವಿಮರ್ಶೆ ನಾನೇ ಬರೆದಿದ್ದು. ಅನುಮಾನ ಬರಬಾರ್ದು ಅಂತ ಒಂದ್ರಲ್ಲಿ ಸ್ವಲ್ಪ ಬೈದಿದ್ದೆ ಕೂಡ. ಈಗ ನಿಂದು ಹೇಳು."

ಕಪ್ಪು ಕೆಳಗಿಟ್ಟ ಸದ್ದು. ಆಮೇಲೆ ಕಾದಂಬರಿಕಾರರ ದನಿ, ಈ ಸಲ ಗುಡುಗಿಲ್ಲದೆ.

"ನನ್ನ ಆ ದೊಡ್ಡ ಕಾದಂಬರಿ ಇದೆಯಲ್ಲ, ಅದರ ಕೊನೇ ಅಧ್ಯಾಯ ಬರೆದಿದ್ದು ನಾನಲ್ಲ. ಸೊನ್ನೆ."

"ಅಬ್ಬಾ!" ಎಂದರು ಕವಿಗಳು.

ಸೊನ್ನೆಯ ಪೆನ್ನು ಕೈಜಾರಿ ಮೇಜಿನ ಕೆಳಗೆ ಹೋಯಿತು. ಅದನ್ನು ಹುಡುಕುವ ನೆಪದಲ್ಲಿ ಅವನು ಮೇಜಿನ ಕೆಳಗೇ ಕೂತು ಕಣ್ಣೊರೆಸಿಕೊಂಡ.

ಹದಿನೆಂಟು ವರ್ಷದ ಹಿಂದಿನ ಮಾತು. ಆ ಕಾದಂಬರಿ ಅಚ್ಚಾಗುವಾಗ ಕೊನೆಯ ಅಧ್ಯಾಯವೇ ಬಂದಿರಲಿಲ್ಲ. ಕಾದಂಬರಿಕಾರರು ದೂರದ ಸಮ್ಮೇಳನವೊಂದರಿಂದ ಫೋನು ಮಾಡಿ, "ನಂಗೇನೂ ಹೊಳೀತಿಲ್ಲ ಕಣಯ್ಯಾ. ನೀನೇ ಏನಾದ್ರೂ ಬರೆದು ಮುಗಿಸು. ಎರಡನೇ ಮುದ್ರಣದಲ್ಲಿ ಸರಿ ಮಾಡೋಣ" ಎಂದರು. ಸೊನ್ನೆ ಮನೆಗೆ ಹೋದ. ಬಾಗಿಲಲ್ಲಿ ಹೆಂಡತಿ ಎಂದಿನ ಮಾತು ಹೇಳಿದಳು. ಅದನ್ನೇ ಇಟ್ಟುಕೊಂಡು ಕೂತು ಹತ್ತು ಪುಟ ಬರೆದ. ಊರು ಬಿಟ್ಟುಹೋದ ಗಂಡ ಹನ್ನೆರಡು ವರ್ಷದ ಮೇಲೆ ಬಂದು ಹೊಸ್ತಿಲಲ್ಲಿ ನಿಂತಿದ್ದಾನೆ. ಹೆಂಡತಿ ಅಳುವುದಿಲ್ಲ, ಬೈಯುವುದಿಲ್ಲ. "ಚಪ್ಪಲಿ ಹೊರಗೆ ಬಿಡಿ" ಎನ್ನುತ್ತಾಳೆ. ಅಷ್ಟೇ.

ಆ ಒಂದು ಮಾತಿಗೆ ಜನ ಮರುಳಾದರು. ಕಾದಂಬರಿಗೆ ಬಹುಮಾನ ಬಂತು, ಅದು ಸಿನಿಮಾ ಆಯಿತು, ಪ್ರೊಫೆಸರರು ಚಪ್ಪಲಿಯ ಮೇಲೆ ಪ್ರಬಂಧ ಬರೆದರು. ಇಪ್ಪತ್ತಮೂರು ಮುದ್ರಣಗಳಾದರೂ ಯಾರೂ ಏನನ್ನೂ ಸರಿ ಮಾಡಲಿಲ್ಲ. ಸೊನ್ನೆ ಆ ಇಪ್ಪತ್ತಮೂರು ಸಲವೂ ತನ್ನ ಹತ್ತು ಪುಟದ ಕರಡು ತಾನೇ ತಿದ್ದಿದ. ವಿಷಯ ಹೇಳಿದ್ದು ಹೆಂಡತಿಯೊಬ್ಬಳಿಗೇ. ಅವಳೂ ನಂಬಲಿಲ್ಲ. "ಚಪ್ಪಲಿ ಹೊರಗೆ ಬಿಡಿ ಅಂತ ಎಲ್ಲಾ ಹೆಂಡ್ತೀರೂ ಹೇಳ್ತಾರೆ. ಅದಕ್ಕೇನು ನೀವೇ ಬರೀಬೇಕಾ?" ಎಂದಿದ್ದಳು.

ಸೊನ್ನೆ ಮೆಟ್ಟಿಲ ಬಳಿ ನಿಂತು ಅವಳಿಗೆ ಫೋನು ಮಾಡಿದ.

"ಅವರೇ ಒಪ್ಕೊಂಡಿದ್ದಾರೆ ಕಣೇ! ಅವರ ಬಾಯಿಂದ್ಲೇ! ವಿಶೇಷಾಂಕದಲ್ಲಿ ಬರುತ್ತೆ!"

ಆ ಕಡೆ ಕುಕ್ಕರು ಕೂಗಿತು.

"ಅಚ್ಚಲ್ಲಿ ಬರ್ಲಿ, ಆಮೇಲೆ ನಂಬ್ತೀನಿ" ಎಂದು ಇಟ್ಟುಬಿಟ್ಟಳು.

ನಂಬಿದ್ದಳೆನ್ನುವುದು ಅರ್ಧ ಗಂಟೆಯಲ್ಲೇ ತಿಳಿಯಿತು. ಭಾವಮೈದ ಫೋನು ಮಾಡಿದ. "ಭಾವ, ಸಿನಿಮಾದಲ್ಲಿ ಆ ಚಪ್ಪಲಿ ಸೀನು ನಿಮ್ದಂತೆ? ಎರಡು ಸಲ ಅತ್ತಿದ್ದೀನಿ ನಾನು. ಮೊದಲೇ ಹೇಳೋದಲ್ವಾ, ಅಳ್ತಾನೇ ಇರ್ಲಿಲ್ಲ." ಮೇಲಿನ ಮನೆಯ ಆಂಟಿಯೂ ಫೋನು ಮಾಡಿ ತಂಗಿಯ ಮಗಳ ಮದುವೆ ಕಾಗದಕ್ಕೆ ನಾಲ್ಕು ಸಾಲು ಕೇಳಿದರು. "ಓದಿದ ತಕ್ಷಣ ಗಂಡಿನ ಕಡೆಯವರ ಕಣ್ಣಲ್ಲಿ ನೀರು ಬರ್ಬೇಕು."

ಊಟದ ಹೊತ್ತಿಗೆ ಆರು ಪುಟ ಸಿದ್ಧವಾಯಿತು. ಪುಟ ಕಟ್ಟುವ ಮೇಡಂ ಕಂಪ್ಯೂಟರಿನ ಮುಂದೆ ಅದನ್ನು ಓದುತ್ತಾ ಆ ಸಾಲಿಗೆ ಬಂದವರು ಕತ್ತೆತ್ತಿದರು.

"ಸೊನ್ನೆ ಅಂದ್ರೆ ನೀವಾ?"

ಸೊನ್ನೆ ಮದುಮಗನ ಹಾಗೆ ತಲೆ ತಗ್ಗಿಸಿದ.

"ಹಾಗಾದ್ರೆ ಪಕ್ಕದಲ್ಲಿ ನಿಮ್ಮ ಪೂರ್ತಿ ಹೆಸರು ಹಾಕ್ರೀ. ಓದೋರಿಗೆ ಹೇಗೆ ಗೊತ್ತಾಗ್ಬೇಕು?"

"ಛೆ ಛೆ! ಅವರು ಹೇಳದೇ ಇದ್ದದ್ದನ್ನ ಸೇರಿಸೋದು ತಪ್ಪು ಮೇಡಂ. ಕರಡು ತಿದ್ದೋನು ಮೂಲಕ್ಕೆ ಒಂದಕ್ಷರಾನೂ ಸೇರಿಸಬಾರ್ದು."

ಹತ್ತು ಪುಟ ಸೇರಿಸಿದ ಮನುಷ್ಯ ಈ ಮಾತು ಹೇಳುತ್ತಿದ್ದಾನೆ ಎನ್ನುವುದು ಅವನಿಗೇ ಹೊಳೆಯಲಿಲ್ಲ.

ಅಷ್ಟರಲ್ಲಿ ಕಾದಂಬರಿಕಾರರ ಫೋನು ಬಂತು.

"ನೋಡಯ್ಯಾ, ಆ ರಾಜಕೀಯದ ಭಾಗ ಪೂರ್ತಿ ತೆಗೆದುಬಿಡು. ಮಂತ್ರಿಗಳು ಯಾವುದೋ ಸಮಿತಿ ಮಾಡ್ತಿದ್ದಾರಂತೆ. ಪಾಪ, ಒಳ್ಳೆ ಮನುಷ್ಯ."

"ಆಯ್ತು ಸರ್. ಬೇರೆ... ಬೇರೆ ಏನಾದ್ರೂ ತೆಗೀಬೇಕಾ ಸರ್?"

"ಬೇರೆ ಏನಿತ್ತು ಅದರಲ್ಲಿ?"

"ಏನಿಲ್ಲ ಸರ್! ಏನೇನೂ ಇಲ್ಲ!" ಎಂದು ಸೊನ್ನೆ ಹಾವು ಮುಟ್ಟಿದವನಂತೆ ಫೋನು ಇಟ್ಟ.

ಎರಡು ಗಂಟೆಗೆ ಕವಿಗಳು ಸ್ವತಃ ಬಂದರು, ಬೆವರು ಸುರಿಸುತ್ತಾ. ಸ್ನಾನದ ದೃಶ್ಯದ ನಿರ್ಮಾಪಕ ಅಂದು ಬೆಳಿಗ್ಗೆಯೇ ಇನ್ನೊಂದು ಹಾಡು ಬರೆದುಕೊಡಿ ಎಂದಿದ್ದನಂತೆ. ಸಿನಿಮಾದ ಮಾತೆಲ್ಲ ಹೋಗಬೇಕು.

"ಹಾಗೇ ಆ ತಪ್ಪೊಪ್ಪಿಗೇನೂ ತೆಗೀರಿ."

"ಪೂರ್ತಿ ತಪ್ಪೊಪ್ಪಿಗೇನಾ ಸರ್?" ಸೊನ್ನೆ ಎದ್ದು ನಿಂತ. "ನಿಮ್ಮದು ಮಾತ್ರ ಸಾಕಲ್ವಾ? ಅವರ ತಪ್ಪು ಅವರದು."

ಕವಿಗಳು ಯೋಚಿಸಿದರು. ಗೆಳೆಯನ ತಪ್ಪು ಅಚ್ಚಾಗುವುದರಲ್ಲಿ ಅವರಿಗೆ ತೊಂದರೆಯೇನೂ ಕಾಣಲಿಲ್ಲ. "ಅವನದು ಇರ್ಲಿ ಬಿಡಿ. ಎಂಥಾ ಮಾತು ಅದು! ಆ ರಾತ್ರಿ ನಂಗೆ ನಿದ್ದೇನೇ ಬರ್ಲಿಲ್ಲ" ಎಂದು ಹೊರಟರು.

ಸಾಹಿತ್ಯಕ್ಕೆ ಸಂಪಾದಕರೇ ಕತ್ತರಿ ಹಾಕಿದರು. "ಔಷಧಿ ಬಾಟ್ಲಿ ಕವಿಗಳೆಲ್ಲ ನಮ್ಮ ಚಂದಾದಾರರು ಕಣ್ರೀ. ಅವರು ಬಿಟ್ರೆ ಈ ಪತ್ರಿಕೇನ ಯಾರು ಓದ್ತಾರೆ?"

ಮೂರೂವರೆಗೆ ಪುಟ ಕಟ್ಟುವ ಮೇಡಂ ಲೆಕ್ಕ ಒಪ್ಪಿಸಿದರು. "ಆರು ಪುಟದಲ್ಲಿ ಉಳಿದಿರೋದು ಕಾಲು ಪುಟ. 'ಕಿಟಕಿ ತೆಗೀಲಾ?' 'ಬೇಡ, ಧೂಳು.' 'ಟೀ ತಣ್ಣಗಾಯ್ತು.' ಆಮೇಲೆ ಸೊನ್ನೆಯವರ ಸಾಲು."

"ಅದೂ ಹೋಗ್ಲಿ" ಎಂದರು ಸಂಪಾದಕರು. "ಇಬ್ಬರೂ ಕೈ ಕುಲುಕೋ ಫೋಟೋ ಇದೆ. ಆರು ಪುಟಕ್ಕೂ ಎಳೆದು ಹಾಕಿ."

ಇಪ್ಪತ್ತೆರಡು ವರ್ಷದಲ್ಲಿ ಅಲ್ಪವಿರಾಮವೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಜಗಳವಾಡದ ಮನುಷ್ಯ ಮೇಜು ಗುದ್ದಿದ. ಮಸಿಯ ಬಾಟ್ಲಿ ಹಾರಿಬಿತ್ತು.

"ಆ ಸಾಲು ಹೋಗಕೂಡ್ದು ಸರ್! ಇಡೀ ಒಂದೂವರೆ ಗಂಟೇಲಿ ಅದೊಂದೇ ನಿಜ! ಉಳಿದಿದ್ದೆಲ್ಲ ಮಧ್ಯಾಹ್ನದೊಳಗೆ ಸುಳ್ಳಾಗಿಹೋಯ್ತು. ಅದು ಹೋದ್ರೆ ನಾನೂ ಹೋಗ್ತೀನಿ!"

ಸಂಪಾದಕರು ಹಾಳೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಒಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು, ನಿಧಾನವಾಗಿ, ತುಟಿ ಅಲುಗಿಸುತ್ತಾ.

"ಬರೆದಿದ್ದು ನಾನಲ್ಲ... ಸೊನ್ನೆ." ಅವರ ದನಿಯೇ ಬದಲಾಯಿತು. "ಹೌದಲ್ರೀ! ನನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ. ಇದು ಒಳಪುಟದ ಮಾತಲ್ಲ, ಮುಖಪುಟದ ಮಾತು!"

ಕಾದಂಬರಿಕಾರರಿಗೆ ಒಂದು ಮಾತು ಕೇಳಿಬಿಡುತ್ತೇನೆಂದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸೊನ್ನೆ ಮಸಿ ಒರೆಸುತ್ತಾ ಕೂತ. ಅಂಗಿಯ ತೋಳೆಲ್ಲ ನೀಲಿಯಾಯಿತು. ಆದರೂ ಅವನ ಮುಖ ದೀಪ ಹಚ್ಚಿದ ಹಾಗಿತ್ತು. ಮನೆಗೆ ಫೋನು ಮಾಡಿ, "ಮುಖಪುಟದಲ್ಲೇ ಬರುತ್ತಂತೆ" ಎಂದ. ಹಿಂದೆ ನಾಲ್ಕಾರು ಹೆಂಗಸರ ದನಿ ಕೇಳಿಸಿತು. ಹೆಂಡತಿ, "ಎಲ್ಲರೂ ಇಲ್ಲೇ ಕೂತಿದ್ದಾರೆ. ಬರ್ತಾ ಒಂದು ಪ್ರತಿ ತನ್ನಿ" ಎಂದಳು. ಅವಳ ದನಿಯಲ್ಲಿ ಹದಿನೆಂಟು ವರ್ಷದಿಂದ ಕೇಳದ ಮೆತ್ತಗಿನದೇನೋ ಇತ್ತು.

ನಾಲ್ಕೂವರೆಗೆ ಮುಖಪುಟದ ಕರಡು ಬಂತು. ಅರ್ಧ ಪುಟ ಕಾದಂಬರಿಕಾರರ ಮುಖ, ದೂರದ ಆಕಾಶ ನೋಡುತ್ತಿರುವ ಕಣ್ಣು. ಕೆಳಗೆ ಅಂಗೈಯಗಲದ ಅಕ್ಷರಗಳಲ್ಲಿ:

'ಕೊನೆಯ ಅಧ್ಯಾಯ ಬರೆದದ್ದು ನಾನಲ್ಲ... ಶುನ್ಯ!'

ಸೊನ್ನೆ ಅದನ್ನು ಮೂರು ಸಲ ಓದಿದ. ಮಸಿಯ ತೋಳಿನಲ್ಲೇ ಹಣೆ ಒರೆಸಿಕೊಂಡು ಸಂಪಾದಕರ ಕೋಣೆಗೆ ಹೋದ.

"ಸರ್, ಅವರು ಹೇಳಿದ್ದು ಸೊನ್ನೆ ಅಂತ."

"ಅದೇ ಅಲ್ವಾ ಇದು? ಸೊನ್ನೆ ಅಂದ್ರೆ ಶೂನ್ಯ. ಲೇಖಕ ತಾನು ಇಲ್ಲವಾದಾಗ ಕೃತಿ ತನ್ನನ್ನ ತಾನೇ ಬರ್ಕೊಳ್ಳುತ್ತೆ ಅಂತ. ಎಂಥಾ ದರ್ಶನ! ಕವಿಗಳಂತೂ ಕೇಳಿ 'ಅಬ್ಬಾ' ಅಂದ್ರಲ್ಲ."

"ಸರ್, ಸೊನ್ನೆ ಅಂದ್ರೆ... ನಾನು ಸರ್. ಆ ಅಧ್ಯಾಯ ಬರೆದಿದ್ದು ನಾನೇ."

ಸಂಪಾದಕರು ಅವನನ್ನು ದಿಟ್ಟಿಸಿದರು. ಆಮೇಲೆ ನಕ್ಕರು. ನಕ್ಕು ನಕ್ಕು ಮೇಜು ಹಿಡಿದುಕೊಂಡರು.

"ಅಯ್ಯೋ, ನಿಮ್ಮ! ಇದನ್ನೂ ಹಾಕ್ತೀನಿ ತಾಳಿ, ನಗೆಹನಿ ಅಂಕಣಕ್ಕೆ. ನಂಗೂ ಅದೇ ಅನುಮಾನ ಇತ್ತು ನೋಡಿ. ಕಚೇರೀಲಿ ನಿಮ್ಮನ್ನ ಸೊನ್ನೆ ಅಂತೀವಲ್ಲ, ಯಾರಾದ್ರೂ ನೀವೇ ಅಂತ ತಿಳ್ಕೊಂಡ್ರೆ ಅವರ ಮರ್ಯಾದೆ ಏನಾಗ್ಬೇಕು? ಅದಕ್ಕೇ ಫೋನು ಮಾಡಿ ಕೇಳ್ದೆ, 'ಸರ್, ಸೊನ್ನೆ ಅನ್ನೋ ಬದ್ಲು ಶೂನ್ಯ ಅಂತ ಹಾಕ್ಲಾ' ಅಂತ."

"ಅವರೇನಂದ್ರು ಸರ್?"

"ಎರಡು ಸಲ ಕೆಮ್ಮಿದ್ರು. ಆಮೇಲೆ, 'ಹೌದು, ಶೂನ್ಯ ಅಂತಾನೇ ಹಾಕಿ, ನಾನು ಹೇಳಿದ್ದೂ ಅದನ್ನೇ' ಅಂದ್ರು. ದೊಡ್ಡ ಮನುಷ್ಯ ಕಣ್ರೀ. ಬೇಗ ನೋಡಿ ಸಹಿ ಹಾಕಿ, ಯಂತ್ರ ಕಾಯ್ತಿದೆ."

ಸೊನ್ನೆ ಮೇಜಿಗೆ ಬಂದು ಕೂತ. ಸೊನ್ನೆ ಎನ್ನುವುದು ಒಬ್ಬನ ಹೆಸರಾದರೂ ಸರಿ, ಬರೀ ಸೊನ್ನೆಯಾದರೂ ಸರಿ, ಎರಡನ್ನೂ ಒಂದೇ ಥರ ಬರೆಯುವ ಲಿಪಿಯನ್ನು ಅವನು ಇಷ್ಟು ದಿನ ದೇವರ ಹಾಗೆ ನಂಬಿದ್ದ. ಪುಟ ಕಟ್ಟುವ ಮೇಡಂ ಪಾಪ ಎನ್ನುವಂತೆ ನೋಡಿದರು. ಮುಖಪುಟ ಅವನ ಮುಂದಿತ್ತು. 'ಶುನ್ಯ.' ದೀರ್ಘ ಬಿಟ್ಟುಹೋಗಿತ್ತು.

ಹಾಗೇ ಬಿಟ್ಟುಬಿಡಬಹುದಿತ್ತು. ನಾಳೆ ಊರಿಡೀ ನಗುತ್ತಿತ್ತು. ದರ್ಶನವೆಲ್ಲ ಆ ಒಂದು ದೀರ್ಘದಲ್ಲಿ ಮಣ್ಣುಪಾಲಾಗುತ್ತಿತ್ತು. ಸೊನ್ನೆ ಎರಡು ನಿಮಿಷ ಕೈ ಕಟ್ಟಿಕೊಂಡು ಕೂತ. ಹಾಳು ಕೈ ಕೇಳಲಿಲ್ಲ. ತಾನಾಗಿಯೇ ಪೆನ್ನು ಎತ್ತಿಕೊಂಡಿತು, 'ಶು'ಗೆ ದೀರ್ಘ ಹಾಕಿತು, ಅಂಚಿನಲ್ಲಿ ಗುರುತು ಮಾಡಿತು, ಕೆಳಗೆ ಸಹಿಯನ್ನೂ ಹಾಕಿತು.

ಯಂತ್ರ ಶುರುವಾದ ಸದ್ದಿಗೆ ಸರಿಯಾಗಿ ಫೋನು ಬಂತು. ಹೆಂಡತಿ.

"ಬಂತಾ ನಿಮ್ಮ ಹೆಸರು?"

"ಬಂತು" ಎಂದ ಸೊನ್ನೆ. "ಮುಖಪುಟದಲ್ಲಿ. ಅಂಗೈಯಗಲದ ಅಕ್ಷರದಲ್ಲಿ."

"ಏನಂತ ಬಂತು?"

"ಸಂಸ್ಕೃತದಲ್ಲಿ ಬಂತು."

ಅವಳಿಗೆ ಎಷ್ಟು ಅರ್ಥವಾಯಿತೋ. ಹಿಂದಿನ ಹೆಂಗಸರ ದನಿಗಳು ಒಂದೊಂದಾಗಿ ನಿಂತವು. ಕೊನೆಗೆ ಅವಳು ಎಂದಿನ ದನಿಯಲ್ಲಿ, ಮೆತ್ತಗಿನದೇನೂ ಇಲ್ಲದೆ ಹೇಳಿದಳು:

"ಸರಿ, ಮನೆಗೆ ಬನ್ನಿ. ಚಪ್ಪಲಿ ಹೊರಗೆ ಬಿಡಿ."