ಬೋಣಿಯ ಆರ್ಡರು

ಜಹೀರಾಬಾದಿನ ಸಿರಿಧಾನ್ಯ ಸಂಘದ ವ್ಯವಸ್ಥಾಪಕ ಉಮಾಕಾಂತ ಯಾವುದೋ ಸಭೆಗೆ ಹೋಗಿ ಬಂದಿದ್ದೇ ತಪ್ಪಾಯಿತು. ಅಲ್ಲಿ ಪುಕ್ಕಟೆ ಊಟದ ಜೊತೆಗೆ ‘ಡೇಟಾ ವೇರ್‌ಹೌಸ್’ ಎಂಬ ಮಾತೂ ಅವನ ಹೊಟ್ಟೆಗೆ ಹೋಗಿತ್ತು. ಊಟ ಅರಗಿತು, ಮಾತು ಅರಗಲಿಲ್ಲ.

“ಪ್ರಬುದ್ಧ, ನಮ್ಮ ಆನ್‌ಲೈನ್ ಅಂಗಡೀದು ಎಲ್ಲಾ ಡೇಟಾ ಇವತ್ತ ವೇರ್‌ಹೌಸಿಗೆ ಹಾಕು. ಮಧ್ಯಾಹ್ನ ಮರೆಪ್ಪ ಸಾಹೇಬ್ರು ಬರ್ತಾರ. ನಮಗ ಗೋದಾಮು ಮಂಜೂರು ಮಾಡೋರು ಅವರೇ.”

ಸಂಘಕ್ಕೆ ಗೋದಾಮಿರಲಿಲ್ಲ. ಪಸ್ತಾಪುರದ ಹೆಂಗಸರು ಬೆಳೆದು ಕಳಿಸಿದ ಜೋಳ, ನವಣೆ ವರಾಂಡದಲ್ಲಿ ಇಲಿಗಳ ಉಸ್ತುವಾರಿಯಲ್ಲಿತ್ತು. ಕಾಳಿಡಲು ಜಾಗವಿಲ್ಲದವರು ಅದರ ಲೆಕ್ಕ ಇಡಲು ಕಂಪ್ಯೂಟರಿನಲ್ಲಿ ಉಗ್ರಾಣ ಮಾಡಿಕೊಂಡಿದ್ದರು.

“ಸರ್, ನಾ ನಾಲ್ಕರ ಬಸ್ಸಿಗೆ ತಾಂಡೂರಿಗೆ ಹೋಗಬೇಕ್ರಿ,” ಎಂದ ಸಂಘದ ಏಕೈಕ ಕಂಪ್ಯೂಟರ್ ನೌಕರ ಪ್ರಬುದ್ಧ. “ನಾಳೆ ಅಲ್ಲೇ ಬಾಜೂ ಯಾಲಾಲದಾಗ ನನ್ನ ಲಗ್ನದ ಮಾತು ಪಕ್ಕಾ ಮಾಡ್ತಾರ. ರಜಾ ನೀವೇ ಕೊಟ್ಟೀರಿ.”

“ಕೆಲಸ ಮುಗಿಸಿ ಹೋಗು. ಮುಗೀಲಿಲ್ಲಂದ್ರ ಲಗ್ನ ಬರೋ ವರ್ಷ ಮಾಡ್ಕೊ.”

ಹುಡುಗಿ ಸ್ವರೂಪಾ ಒಪ್ಪಿದ್ದಳು, ಅವಳ ಅಪ್ಪ ಅವ್ವ ಒಪ್ಪಿದ್ದರು. ಉಳಿದವನು ಅವಳ ಸೋದರಮಾವ. ಹುಡುಗನನ್ನು ಆತ ಇನ್ನೂ ನೋಡಿರಲಿಲ್ಲ, ಹುಡುಗನಿಗೂ ಆತ ‘ಮಾವ’ ಎಂದಷ್ಟೇ ಗೊತ್ತಿತ್ತು. ಆತ ಹೂಂ ಎನ್ನದೆ ಆ ಮನೆಯಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿಯನ್ನೂ ಗೀರುತ್ತಿರಲಿಲ್ಲ.

ಪ್ರಬುದ್ಧ ಕೆಲಸಕ್ಕೆ ಕುಳಿತ. ಅಂಗಡಿಯ ಡೇಟಾಬೇಸಿನ ಭಾಷೆ ವೇರ್‌ಹೌಸಿಗೆ ತಿಳಿಯದು. ಎರಡು ಮನೆಗಳ ನಡುವೆ ಸಂಬಂಧ ಕುದುರಿಸುವವನಂತೆ, ಇಲ್ಲಿಯ ಮಾತು ಅಲ್ಲಿಗೆ ಮುಟ್ಟಿಸಲು ಡ್ರೈವರ್ ಎಂಬ ಸಣ್ಣ ಪ್ರೋಗ್ರಾಂ ಬೇಕು. ಮೊದಲನೆಯ ಡ್ರೈವರ್ ಹಳೆಯದು, ಅಂಗಡಿ ಅದನ್ನು ಬಾಗಿಲಲ್ಲೇ ತಡೆಯಿತು. ಎರಡನೆಯದು ಹೊಸದು, ಅದನ್ನು ಸಂಘದ ಮುದಿ ಕಂಪ್ಯೂಟರೇ ಒಳಗೆ ಬಿಡಲಿಲ್ಲ.

ಲೆಕ್ಕಪತ್ರದ ಜ್ಞಾನೇಶ್ವರ ಕುರ್ಚಿ ಎಳೆದುಕೊಂಡು ಬಂದ. ತಿಳಿಯದ ವಿಷಯವಿದ್ದಷ್ಟೂ ಅವನ ದನಿ ಗಟ್ಟಿ. “ಬಂದ್ ಮಾಡಿ ಚಾಲೂ ಮಾಡು. ನಮ್ಮ ಮನಿ ಟಿ.ವಿ. ಹಂಗೇ ರಿಪೇರಿ ಆತು.”

“ಇದು ಟಿ.ವಿ. ಅಲ್ರಿ ಅಣ್ಣಾ.”

“ಎರಡಕ್ಕೂ ಪರದೆ ಅದ ಇಲ್ಲೋ?”

ಮೂರನೆಯ ಡ್ರೈವರ್ ಒಪ್ಪಿತು. ಪ್ರಬುದ್ಧ ಒಂದು ಮಾತು ಕೇಳಿದ: “ಸರ್, ರದ್ದಾದ ಆರ್ಡರು ಬಿಟ್ಟುಬಿಡ್ಲ್ಯಾ?”

“ಒಂದೂ ಬಿಡಬ್ಯಾಡ! ಪರದೆ ತುಂಬಿ ತುಳುಕಬೇಕು.”

ಅರ್ಧ ಡೇಟಾ ಹೋಗಿತ್ತು. ಪ್ಯಾಕಿಂಗಿನ ಬಾಲಮಣಿ ಬಂದು, ಚೀಲದ ಬಾಯಿ ಮುಚ್ಚುವ ಮಶೀನಿಗೆಂದು ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತಳು.

“ಅಕ್ಕಾ! ಏನ್ ಮಾಡ್ದಿ?”

“ಚೀಲ ಹೋದ್ರ ರೊಕ್ಕ ಬರ್ತದಪ್ಪಾ. ನಿನ್ನ ಡಬ್ಬಿ ಏನ್ ಕೊಡ್ತದ?”

ಮತ್ತೆ ಮೊದಲಿಂದ ಶುರು. ಹೋಗಿದ್ದ ಅರ್ಧದ ಮೇಲೆಯೇ ಎಲ್ಲವೂ ಇನ್ನೊಮ್ಮೆ ಬಿತ್ತು. ಪರದೆಯ ಮೇಲೆ ಮಾರಾಟದ ಗೆರೆ ಹೋತದಂತೆ ಗೋಡೆ ಹತ್ತಿತು.

“ಸರ್, ಡಬಲ್ ಆಗ್ಯಾವ್ರಿ. ಅಳಿಸಿ ಸರಿ ಮಾಡ್ತೀನಿ.”

“ಮುಟ್ಟಿದ್ರ ನೋಡು!” ಉಮಾಕಾಂತನ ಕಣ್ಣು ತುಂಬಿ ಬಂದಿತ್ತು. “ಎಷ್ಟು ಚಂದ ಕಾಣ್ತದ!”

ಅಷ್ಟರಲ್ಲಿ ಜೀಪು ಬಂತು. ಮರೆಪ್ಪ ಸಾಹೇಬ ಸಣ್ಣ ಕಣ್ಣಿನ, ಕಡಿಮೆ ಮಾತಿನ ಮನುಷ್ಯ. ಗೆರೆ ನೋಡಿದ, ತಲೆದೂಗಿದ. “ಛಲೋ ಅದ. ನಿಮ್ಮ ದೊಡ್ಡ ಗಿರಾಕಿ ಯಾರು? ತೋರಿಸ್ರಿ.”

ಪ್ರಬುದ್ಧ ಗುಂಡಿ ಒತ್ತಿದ. ಪರದೆಯ ನೆತ್ತಿಯ ಮೇಲೆ ಅವನದೇ ಹೆಸರು ಬಂತು. ದಿನಾ ಬೆಳಿಗ್ಗೆ ಒಂದು ಚೀಲ ನವಣೆಗೆ ಆರ್ಡರು, ಮಧ್ಯಾಹ್ನದ ಹೊತ್ತಿಗೆ ರದ್ದು. ಹಲವು ದಿನ ಅದೂ ಎರಡೆರಡು ಸಲ.

ಅವನಿಗೆ ಆಗ ನೆನಪಾಯಿತು. ಉಮಾಕಾಂತನಿಗೆ ಬೋಣಿಯ ಹುಚ್ಚು. ದಿನದ ಮೊದಲ ವ್ಯಾಪಾರ ಶುಭವಾಗಲೆಂದು ಬೆಳಿಗ್ಗೆ ತಾನೇ ಒಂದು ಆರ್ಡರು ಹಾಕಿ, ಕಂಪ್ಯೂಟರಿಗೆ ಊದುಬತ್ತಿ ಬೆಳಗಿ, ನಿಜವಾದ ಗಿರಾಕಿ ಬಂದ ಮೇಲೆ ಅದನ್ನು ರದ್ದು ಮಾಡುತ್ತಿದ್ದ. ಅಂಗಡಿ ಶುರುವಾದಾಗ ಪರೀಕ್ಷೆಗೆಂದು ಪ್ರಬುದ್ಧ ತನ್ನ ಹೆಸರಿನಲ್ಲಿ ತೆರೆದ ಖಾತೆಯೇ ಈ ಪುಣ್ಯಕ್ಕೆ ಒದಗಿತ್ತು.

“ಈ ಪ್ರಬುದ್ಧ ಯಾರ್ರಿ?”

“ಇವನೇ ನೋಡ್ರಿ ಸಾಹೇಬ್ರ,” ಎಂದ ಉಮಾಕಾಂತ. ಮೇಜಿನ ಕೆಳಗೆ ಅವನ ಚಪ್ಪಲಿ ಪ್ರಬುದ್ಧನ ಪಾದದ ಮೇಲಿತ್ತು. “ಹುಡುಗನ ಚಟ ರೀ. ಮುಂಜಾನೆ ಬೇಕಂತಾನ, ಮಧ್ಯಾಹ್ನ ಬ್ಯಾಡಂತಾನ.”

ನಿಜ ಹೇಳಿದರೆ ಗೋದಾಮು ಹೋಗುತ್ತದೆ, ಅದರ ಹಿಂದೆಯೇ ನೌಕರಿ. ಪ್ರಬುದ್ಧ ಹೌದೆಂದು ತಲೆಯಾಡಿಸಿದ.

ಮರೆಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ನಿಂದು ಯಾವೂರು?”

“ಕೊಹೀರ್‌ರೀ.”

“ಹಂಗೇನು!” ಎಂದು ಆತ ವರಾಂಡಕ್ಕೆ ಹೋಗಿ ಫೋನು ತೆಗೆದ. ಮಾತು ಒಳಗೆ ಪ್ರಬುದ್ಧನಿಗೆ ನಿಚ್ಚಳವಾಗಿ ಕೇಳುತ್ತಿತ್ತು; ಉಮಾಕಾಂತ ಗೋದಾಮಿನ ಕಾಗದ ಜೋಡಿಸುವುದರಲ್ಲಿ ಮುಳುಗಿದ್ದ. “ಅಕ್ಕಾ, ನಮ್ಮ ಸ್ವರೂಪಾಗ ನೋಡಿದ ಹುಡುಗ ಕೊಹೀರದ ಪ್ರಬುದ್ಧನೇ ಅಲ್ಲಾ? ನವಣಿ ಸಂಘದಾಗ ಕಂಪ್ಯೂಟರ್ ಮಾಡಾಂವ? ನಾ ಕಣ್ಣಾರೆ ನೋಡಿನಿ. ಒಂದು ಚೀಲ ನವಣಿ ಮ್ಯಾಲ ಅವಂಗ ಒಂದು ದಿನ ಮನಸ ನಿಂತಿಲ್ಲ. ನಾಳೆ ಯಾರೂ ಬರಬ್ಯಾಡಂತ ಹೇಳಿಬಿಡು.”

ಆಮೇಲೆ ಒಳಗೆ ಬಂದು ಗೋದಾಮಿನ ಕಾಗದಕ್ಕೆ ಸಹಿ ಹಾಕಿದ.

ಜೀಪು ಹೋದ ಮೇಲೆ ಉಮಾಕಾಂತ ಪ್ರಬುದ್ಧನ ಬೆನ್ನು ತಟ್ಟಿದ. “ಶಾಬಾಸ್! ಇನ್ನೂ ನಾಲ್ಕು ಆಗಿಲ್ಲ, ಬಸ್ಸು ಸಿಗ್ತದ. ಒಂದಲ್ಲ, ಎರಡು ದಿನ ರಜಾ ತಗೊ. ಇಲ್ಲಿದ ಚಿಂತಿ ಮಾಡಬ್ಯಾಡ. ಬೋಣಿ ನಾ ಮಾಡ್ತೀನಿ, ನಿನ್ನ ಹೆಸರಿಲೇ.”